ಖಾಲಿ ಡಬ್ಬ ಖಾಲಿಯಲ್ಲ



ಮೂರು ವರ್ಷಗಳ ಹಿಂದಿನ ಮಾತು. ಕಾಫಿಯ ಬಿಳಿ ಕಾಂಡಕೊರಕಕ್ಕೆ ಔಷಧಿ ಹೊಡೆಸಿ ಮುಗಿದಿತ್ತು. ಕೆಲಸದ ಹೆಣ್ಣುಮಗಳೊಬ್ಬಳು, "ಅಯ್ಯಾ, ಈ ಬಿಳೀ ಕ್ಯಾನು ನನಗಿರಲಿ, ಮಜ್ಜಿಗೆ ತರೋಕಾಗುತ್ತೆ" ಎಂದಳು. "ತಗೋ, ಚೆನ್ನಾಗಿ ತೊಳಕೋ" ಎಂದುಬಿಟ್ಟೆ. ಓದಿದವನು, ಸಂಘದ ಕಾರ್ಯದರ್ಶಿ ಬೇರೆ! ನನ್ನ ಮನೆಯವಳು ಹೊರಗೆ ಬಂದು ಕ್ಯಾನು ಕಿತ್ತುಕೊಂಡಳು. "ಮಳೆಗೇ ತೊಳೆದುಹೋಗಬಾರದೆಂದು ಮಾಡಿದ ಔಷಧಿ, ಒಂದು ಚೊಂಬು ನೀರಿಗೆ ಹೋದೀತೇ?" ಎಂದು ಕೇಳಿ, ಆಕೆಗೆ ಮುಚ್ಚಳವಿರುವ ಸ್ಟೀಲ್ ಪಾತ್ರೆ ಕೊಟ್ಟು ಕಳಿಸಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಇದು ಅತಿಯಾದ ಭಯವಲ್ಲ. 2013ರ ಜುಲೈ 16ರಂದು ಬಿಹಾರದ ಸಾರಣ ಜಿಲ್ಲೆಯ ಹಳ್ಳಿಯೊಂದರ ಶಾಲೆಯಲ್ಲಿ ಬಿಸಿಯೂಟ ಉಂಡು 23 ಮಕ್ಕಳು ತೀರಿಕೊಂಡರು. ಅಡುಗೆಯ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಸಿಕ್ಕಿತು. ಹಿಂದೆ ಕೀಟನಾಶಕವಿದ್ದ ಡಬ್ಬದಲ್ಲಿ ಎಣ್ಣೆ ಇಟ್ಟಿದ್ದಿರಬೇಕೆಂದು ಅಧಿಕಾರಿಗಳು ಆಗ ಹೇಳಿದರು.

ಹಾಗಾದರೆ ಮಾಡಬೇಕಾದದ್ದೇನು? ಔಷಧಿ ಮುಗಿದ ಕೂಡಲೇ, ಕೈಗವಸು ಹಾಕಿಕೊಂಡು, ಡಬ್ಬಕ್ಕೆ ಕಾಲುಭಾಗ ನೀರು ಹಾಕಿ, ಮುಚ್ಚಳ ಬಿಗಿದು ಅರ್ಧ ನಿಮಿಷ ಕುಲುಕಿ, ಆ ನೀರನ್ನು ಸ್ಪ್ರೇಯರಿನ ಟ್ಯಾಂಕಿಗೇ ಸುರಿಯಿರಿ. ಹೀಗೆ ಮೂರು ಸಲ. ತೊಳೆದ ನೀರು ಗಿಡಕ್ಕೆ ಹೋಗಬೇಕೇ ಹೊರತು ಹಳ್ಳಕ್ಕಲ್ಲ. ದುಡ್ಡು ಕೊಟ್ಟ ಔಷಧಿಯೂ ಉಳಿಯಿತು. ಬಳಿಕ ಡಬ್ಬದ ತಳಕ್ಕೆ ತೂತು ಹೊಡೆಯಿರಿ, ಯಾರೂ ಮತ್ತೆ ಬಳಸದಂತಾಗಲಿ. ಬಳಸಿದ ಡಬ್ಬಗಳನ್ನು ಹೊರಗೆ ಬಿಡಬಾರದು, ಒಡೆದು ಜನವಸತಿಯಿಂದ ದೂರ ಹೂಳಬೇಕು ಎಂದು 1971ರ ಕೀಟನಾಶಕ ನಿಯಮಗಳಲ್ಲೇ ಇದೆ. ಬಾವಿ, ಕೆರೆ, ಹಳ್ಳಗಳ ಹತ್ತಿರವಂತೂ ಬೇಡ. ಗುಜರಿಯವನಿಗೆ ಮಾರುವುದೂ, ಒಲೆಗೆ ಹಾಕುವುದೂ ಬೇಡ. ಆ ಹೊಗೆ ವಿಷ.

ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೂ ಇದೇ ಎಚ್ಚರ ಬೇಕು. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬ ಲೆಕ್ಕದಲ್ಲಿ ಆ ದಿನಕ್ಕೆ ಬೇಕಾದಷ್ಟೇ ಕಲಸಿರಿ. ಉಳಿದದ್ದನ್ನು ತೋಡಿಗೆ ಚೆಲ್ಲಿದರೆ ತಾಮ್ರ ಮೀನಿಗೆ ಮಾರಕ.

ಅಟ್ಟದ ಮೇಲೆ ಹಳೆಯ ಎಂಡೋಸಲ್ಫಾನ್ ಬಾಟಲಿ ಉಳಿದಿದೆಯೇ? ಸುಪ್ರೀಂ ಕೋರ್ಟು ಅದನ್ನು 2011ರ ಮೇ 13ರಂದೇ ತಡೆದಿದೆ. ತೆರೆಯಬೇಡಿ, ಸುರಿಯಬೇಡಿ, ಬೇರೆ ಬಾಟಲಿಗೆ ಬಗ್ಗಿಸಬೇಡಿ. ಲೇಬಲ್ ಸಮೇತ ಬೀಗ ಹಾಕಿಟ್ಟು ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಿ. ಇನ್ವರ್ಟರಿನ ಹಳೆಯ ಬ್ಯಾಟರಿಯನ್ನು ಹೊಸದು ಕೊಳ್ಳುವಾಗ ಅಂಗಡಿಗೇ ಹಿಂದಿರುಗಿಸಿ. ಅದರ ಸೀಸ ಮರುಬಳಕೆಗೆ ಬರುತ್ತದೆ.

ಮಳೆಗಾಲಕ್ಕೆ ಮುಂಚೆ ಪ್ರತಿ ಸದಸ್ಯರೂ ತಮ್ಮ ಉಗ್ರಾಣವನ್ನೊಮ್ಮೆ ನೋಡಬೇಕೆಂದು ವಿನಂತಿ. ಯಾರಾದರೂ ಕ್ಯಾನು ಕೇಳಿದರೆ ಬೇರೊಂದು ಪಾತ್ರೆ ಕೊಡಿ, ದೊಡ್ಡ ಖರ್ಚೇನಲ್ಲ. ನಮ್ಮ ತೋಟದ ಆ ಹೆಣ್ಣುಮಗಳು ಇಂದಿಗೂ ಅದೇ ಸ್ಟೀಲ್ ಪಾತ್ರೆಯಲ್ಲಿ ಮಜ್ಜಿಗೆ ತರುತ್ತಾಳೆ. ನೋಡಿದಾಗಲೆಲ್ಲ ನನ್ನ ತಲೆ ತಗ್ಗುತ್ತದೆ.

— ಕಾರ್ಯದರ್ಶಿ