ಪಂದ್ಯ ಅವರದು, ಎದೆಬಡಿತ ನಮ್ಮದು

2024ರ ಮೇ 19, ಭಾನುವಾರ ಬೆಳಿಗ್ಗೆ. ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ, ಐವತ್ತು ದಾಟಿದವರೊಬ್ಬರು ಮಗನ ಜೊತೆ ನನ್ನ ಬಳಿ ಬಂದರು. "ರಾತ್ರಿಯಿಂದ ಎದಿ ಢವಢವ ಅನ್ನಾಕ ಹತ್ತೇತ್ರಿ ಡಾಕ್ಟ್ರ, ತಲಿನೂ ಭಾರ ಆಗೇತಿ" ಎಂದರು. ರಕ್ತದೊತ್ತಡ ನೋಡಿದೆ. 180/110 ಇತ್ತು. ಪುಣ್ಯಕ್ಕೆ ಇಸಿಜಿಯಲ್ಲಿ ಹೊಸ ತೊಂದರೆ ಕಾಣಲಿಲ್ಲ. "ಬಿಪಿ ಗುಳಿಗಿ ತಗೊಂಡೀರೇನು?" ಎಂದು ಕೇಳಿದಾಗ ಅವರು ಮಗನ ಮುಖ ನೋಡಿದರು. ಮಗನೇ ಹೇಳಿದ: "ನಾಲ್ಕು ದಿನದ ಹಿಂದ ಮುಗದಾವ್ರಿ. ನಿನ್ನಿ ಸಂಜಿಕ ತರಾಕ ಹೋಗಬೇಕಿತ್ತು, ಮ್ಯಾಚ್ ಇತ್ತಲ್ರೀ."

ಆ ಪಂದ್ಯ ಯಾವುದೆಂದು ನಮ್ಮ ಜಿಲ್ಲೆಯ ಓದುಗರಿಗೆ ನೆನಪಿಸಬೇಕಾಗಿಲ್ಲ. ಆ ವರ್ಷ ಐಪಿಎಲ್‌ನಲ್ಲಿ ಬೆಂಗಳೂರು ತಂಡ ಮೊದಲ 8 ಪಂದ್ಯಗಳಲ್ಲಿ 7 ಸೋತು ಪಟ್ಟಿಯ ತಳದಲ್ಲಿತ್ತು. ಎಲ್ಲರೂ ಆಸೆ ಬಿಟ್ಟ ಮೇಲೆ ಸಾಲಾಗಿ ಗೆಲ್ಲತೊಡಗಿತು. ಮೇ 18ರ ಕೊನೆಯ ಲೀಗ್ ಪಂದ್ಯದಲ್ಲಿ ಚೆನ್ನೈ ವಿರುದ್ಧ ಗೆದ್ದರಷ್ಟೇ ಸಾಲದು, ಕನಿಷ್ಠ 18 ರನ್‌ಗಳಿಂದ ಗೆಲ್ಲಬೇಕಿತ್ತು. ಬೆಂಗಳೂರು 218 ರನ್ ಮಾಡಿತು. ಚೆನ್ನೈ 201 ಮುಟ್ಟಿಬಿಟ್ಟರೆ ಸೋತರೂ ಮುಂದಿನ ಸುತ್ತಿಗೆ ಅದೇ ಹೋಗುತ್ತಿತ್ತು. ಕೊನೆಯ ಓವರಿಗೆ 17 ರನ್ ಬೇಕಾದಾಗ ಮೊದಲ ಚೆಂಡನ್ನು ಧೋನಿ ಸಿಕ್ಸರ್‌ಗೆ ಎತ್ತಿದರು, ಎರಡನೆಯದಕ್ಕೆ ಔಟಾದರು. ಚೆನ್ನೈ 191ಕ್ಕೆ ನಿಂತಿತು. ಆ ಎರಡು ಚೆಂಡುಗಳ ನಡುವೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಎಷ್ಟು ಮನೆಗಳಲ್ಲಿ ಎಷ್ಟು ಎದೆಗಳು ಹೊಡೆದುಕೊಂಡವೋ!

ಆಟ ನೋಡುವುದು ತಪ್ಪಲ್ಲ. ನಾನೂ ನೋಡುವವನೇ. ಆದರೆ ಆಟಗಾರನಲ್ಲದವನ ದೇಹಕ್ಕೂ ಆಟ ತಟ್ಟುವುದು ಹೇಗೆ, ಯಾರು ಎಚ್ಚರದಿಂದಿರಬೇಕು ಎಂಬುದನ್ನು ಮನೆಮಂದಿಯೆಲ್ಲ ತಿಳಿದಿರುವುದು ಒಳ್ಳೆಯದು.

ಕುಳಿತಲ್ಲೇ ಓಡುವ ಹೃದಯ

ಹೊಲದ ಬದುವಿನ ಮೇಲೆ ಹಾವು ಕಂಡಿತೆನ್ನಿ. ಕ್ಷಣಮಾತ್ರದಲ್ಲಿ ಮಿದುಳು ಅಪಾಯದ ಸೂಚನೆ ಕೊಡುತ್ತದೆ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಹೃದಯ ಜೋರಾಗಿ ಬಡಿಯುತ್ತದೆ, ರಕ್ತದೊತ್ತಡ ಏರುತ್ತದೆ, ಅಂಗೈ ಬೆವರುತ್ತದೆ, ಬಾಯಿ ಒಣಗುತ್ತದೆ. ಗಾಯವಾದರೆ ರಕ್ತ ಬೇಗ ನಿಲ್ಲಲೆಂದು ಅದರ ಹೆಪ್ಪುಗಟ್ಟುವ ಗುಣವೂ ಹೆಚ್ಚುತ್ತದೆ. ಇದೆಲ್ಲ ಓಡುವುದಕ್ಕೆ ಅಥವಾ ಎದುರಿಸುವುದಕ್ಕೆ ದೇಹ ಮಾಡಿಕೊಳ್ಳುವ ಸಿದ್ಧತೆ. ನೀವು ನಾಲ್ಕು ಮಾರು ಓಡುತ್ತೀರಿ, ಹಾವು ಹೋಗುತ್ತದೆ, ದೇಹ ಮೊದಲಿನಂತಾಗುತ್ತದೆ.

ಟಿವಿ ಮುಂದೆ ಕುಳಿತವನಿಗೂ ಇದೇ ಆಗುತ್ತದೆ. ಕೊನೆಯ ಓವರನ್ನು ಮಿದುಳು ಅಪಾಯವೆಂದೇ ಬಗೆಯುತ್ತದೆ. ಬೌಲರನಿಗಾದರೋ ಓಡುವುದಕ್ಕೆ ಮೈದಾನವಿದೆ, ಮಾಡುವುದಕ್ಕೆ ಕೆಲಸವಿದೆ. ನೋಡುವವನಿಗೆ ಎರಡೂ ಇಲ್ಲ. ಸೋಲು ಗೆಲುವು ಅವನ ಕೈಯಲ್ಲಿಲ್ಲ. ಹೀಗೆ ಏನೂ ಮಾಡಲಾಗದೆ ಕಾಯುವುದೇ ಮನಸ್ಸನ್ನು ಹೆಚ್ಚು ಹಿಂಡುತ್ತದೆ.

ಆರೋಗ್ಯವಂತ ಹುಡುಗ ಹುಡುಗಿಯರಿಗೆ ಇದರಿಂದ ಸಾಮಾನ್ಯವಾಗಿ ಅಪಾಯವಿಲ್ಲ. ಹತ್ತಿಪ್ಪತ್ತು ನಿಮಿಷಗಳಲ್ಲಿ ಎಲ್ಲ ಶಾಂತವಾಗುತ್ತದೆ. ಆದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆ ಇದ್ದವರ, ಬೀಡಿ ಸಿಗರೇಟು ಸೇದುವವರ ರಕ್ತನಾಳಗಳ ಒಳಗೋಡೆಯಲ್ಲಿ ವರ್ಷಗಳಿಂದ ಕೊಬ್ಬು ಕಟ್ಟಿರುತ್ತದೆ. ಒತ್ತಡ ಒಮ್ಮೆಲೆ ಏರಿದಾಗ ಈ ಕೊಬ್ಬಿನ ಗಂಟು ಬಿರಿಯಬಹುದು. ಬಿರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿದರೆ ಅದೇ ಹೃದಯಾಘಾತ.

ಫುಟ್‌ಬಾಲ್ ದೇಶಗಳ ಅನುಭವ

ಇದು ಬರೀ ಊಹೆಯಲ್ಲ. 2006ರಲ್ಲಿ ಜರ್ಮನಿಯಲ್ಲಿ ವಿಶ್ವಕಪ್ ಫುಟ್‌ಬಾಲ್ ನಡೆದಾಗ ಮ್ಯೂನಿಕ್ ನಗರ ಮತ್ತು ಸುತ್ತಲಿನ ವೈದ್ಯರು ತುರ್ತು ಹೃದ್ರೋಗಿಗಳ ಲೆಕ್ಕ ಇಟ್ಟರು. ಜರ್ಮನಿ ಆಡಿದ ದಿನಗಳಲ್ಲಿ ಹೃದಯದ ತುರ್ತು ಪ್ರಕರಣಗಳು ಬೇರೆ ದಿನಗಳಿಗಿಂತ 2.66 ಪಟ್ಟು ಹೆಚ್ಚಿದ್ದವು. ಗಂಡಸರಲ್ಲಿ ಇದು 3 ಪಟ್ಟಿಗೂ ಮಿಕ್ಕಿತ್ತು, ಹೆಂಗಸರಲ್ಲಿ 1.82 ಪಟ್ಟು. ಪಂದ್ಯ ಆರಂಭವಾದ ಮೊದಲ ಎರಡು ಗಂಟೆಗಳಲ್ಲೇ ಪ್ರಕರಣಗಳು ಅತಿ ಹೆಚ್ಚು. ಮೊದಲೇ ಹೃದ್ರೋಗ ಇದ್ದವರ ಪಾಲು ಪಂದ್ಯದ ದಿನಗಳಲ್ಲಿ ಎದ್ದು ಕಾಣುವಷ್ಟಿತ್ತು.

ಇಂಗ್ಲೆಂಡಿನದೂ ಇಂಥದೇ ಕಥೆ. 1998ರ ಜೂನ್ 30ರಂದು ಅದರ ತಂಡ ಅರ್ಜೆಂಟೀನಾ ಎದುರು ಪೆನಾಲ್ಟಿ ಒದೆತಗಳಲ್ಲಿ ಸೋತಿತು. ಅಂದು ಮತ್ತು ಮುಂದಿನ ಎರಡು ದಿನ ಹೃದಯಾಘಾತವಾಗಿ ಆಸ್ಪತ್ರೆ ಸೇರಿದವರ ಸಂಖ್ಯೆ ಶೇ 25ರಷ್ಟು ಹೆಚ್ಚಿತ್ತು.

ಈ ಅಂಕಿಗಳನ್ನು ಓದಿ ಯಾರೂ ಗಾಬರಿಯಾಗಬೇಕಿಲ್ಲ. ಪಂದ್ಯ ನೋಡುವ ಲಕ್ಷಾಂತರ ಜನರಲ್ಲಿ ತೊಂದರೆಗೆ ಸಿಕ್ಕುವವರು ಕೆಲವರು ಮಾತ್ರ. ಆ ಕೆಲವರು ಯಾರೆಂಬುದು ಬಹುಮಟ್ಟಿಗೆ ಮೊದಲೇ ಗೊತ್ತಿರುತ್ತದೆ ಎಂಬುದೇ ಇಲ್ಲಿನ ಮುಖ್ಯ ಪಾಠ.

ವಾರಗಟ್ಟಲೆ ಕಾಯುವ ಸಂಕಟ

ಯುರೋಪಿನ ಫುಟ್‌ಬಾಲ್‌ನಲ್ಲಿ ಕೆಳದರ್ಜೆಯ ತಂಡಗಳು ಋತುವಿನ ಕೊನೆಗೆ ಮೇಲಿನ ದರ್ಜೆಗೆ ಬಡ್ತಿ ಪಡೆಯುತ್ತವೆ. ಆ ಊರಿನ ಜನ ತಿಂಗಳುಗಟ್ಟಲೆ ಅಂಕಪಟ್ಟಿ ಹಿಡಿದು ಕೂರುತ್ತಾರೆ. ನಮ್ಮಲ್ಲಿ ಪ್ಲೇ ಆಫ್ ಲೆಕ್ಕ ಹಾಕುತ್ತಾರೆ. ಕಟಿಂಗ್ ಅಂಗಡಿಯಲ್ಲಿ, ಚಹಾದಂಗಡಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಒಂದೇ ಮಾತು: ಯಾರು ಸೋತರೆ ನಮಗೆ ದಾರಿ, ರನ್‌ರೇಟ್ ಎಷ್ಟಾಗಬೇಕು?

ಒಂದು ರಾತ್ರಿಯ ಆತಂಕವನ್ನು ದೇಹ ತಡೆದುಕೊಳ್ಳುತ್ತದೆ. ಐದಾರು ವಾರ ಎಳೆದಾಗ ಮಾತ್ರ ನಿದ್ದೆ ಕೆಡುತ್ತದೆ, ಊಟದ ಹೊತ್ತು ತಪ್ಪುತ್ತದೆ. ರಾತ್ರಿ ಏಳೂವರೆಗೆ ಶುರುವಾದ ಪಂದ್ಯ ಹನ್ನೊಂದರ ಮೇಲೆ ಮುಗಿಯುತ್ತದೆ. ಆಮೇಲೂ ಮನಸ್ಸು ಆರಲು ತಾಸು ಬೇಕು. ಬ್ಯಾಡಗಿಯಲ್ಲಿ ಸೋಮವಾರ, ಗುರುವಾರ ಮಾರುಕಟ್ಟೆ ದಿನ; ನಸುಕಿನಲ್ಲೇ ಏಳುವವರಿಗೆ ನಾಲ್ಕು ತಾಸೂ ನಿದ್ದೆ ಸಿಕ್ಕಿರುವುದಿಲ್ಲ. ನಿದ್ದೆ ಕೆಟ್ಟರೆ ರಕ್ತದೊತ್ತಡವೂ ಸಕ್ಕರೆಯೂ ಏರುತ್ತವೆ.

ಗೆದ್ದರೆ ನಮ್ಮ ಹೋರಿ, ಸಿಕ್ಕಿಬಿದ್ದರೆ ಅವರ ಹೋರಿ

ದೀಪಾವಳಿಯ ಹೋರಿ ಹಬ್ಬ ನೋಡಿದವರಿಗೆ ಅಭಿಮಾನದ ಇನ್ನೊಂದು ಮುಖ ಗೊತ್ತು. ಕೊಬ್ಬರಿ ಹರಿಯಗೊಡದೆ ಪಾರಾದರೆ "ನಮ್ಮ ಹೋರಿ" ಎನ್ನುತ್ತೇವೆ. ಯಾರೋ ಹಿಡಿದು ಕೊಬ್ಬರಿ ಕಿತ್ತರೆ "ಅವರ ಹೋರಿಗೆ ಈ ಸಲ ದಮ್ ಇಲ್ಲ" ಎನ್ನುತ್ತೇವೆ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ನಡೆದು 1976ರಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ಹೇಳಿತು. ಕಾಲೇಜಿನ ಫುಟ್‌ಬಾಲ್ ತಂಡ ಗೆದ್ದ ಮರು ಸೋಮವಾರ ವಿದ್ಯಾರ್ಥಿಗಳು ಕಾಲೇಜಿನ ಹೆಸರಿದ್ದ ಅಂಗಿಗಳನ್ನು ಹೆಚ್ಚಾಗಿ ತೊಟ್ಟು ಬರುತ್ತಿದ್ದರು. ಗೆದ್ದ ಆಟದ ಬಗ್ಗೆ ಹೇಳುವಾಗ "ನಾವು" ಎನ್ನುವುದು ಹೆಚ್ಚು.

1992ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಇಂಡಿಯಾನಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳದು. ತಮ್ಮ ಬಾಸ್ಕೆಟ್‌ಬಾಲ್ ತಂಡ ಸೋತದ್ದನ್ನು ನೋಡಿದ ಕಟ್ಟಾ ಅಭಿಮಾನಿಗಳು, ತಂಡದ ಮುಂದಿನ ಆಟದ ಬಗ್ಗೆ ಮಾತ್ರವಲ್ಲ, ತಮ್ಮ ಸ್ವಂತ ಸಾಮರ್ಥ್ಯದ ಬಗ್ಗೆಯೂ ನಂಬಿಕೆ ಕಳೆದುಕೊಂಡರು. ತಮಗೆ ಕೊಟ್ಟ ಸಣ್ಣ ಕೆಲಸಗಳನ್ನು ಎಷ್ಟು ಚೆನ್ನಾಗಿ ಮಾಡಬಲ್ಲೆವು ಎಂದು ಕೇಳಿದಾಗ, ಗೆಲುವು ನೋಡಿದ ದಿನಕ್ಕಿಂತ ಕಡಿಮೆ ಅಂದಾಜು ಹೇಳಿದರು.

ಇದನ್ನು ನಾನು ರಾಣೆಬೆನ್ನೂರಿನ ಒಬ್ಬ ಹುಡುಗನಲ್ಲಿ ಕಂಡೆ. 2024ರ ಮೇ 22ರಂದು ಬೆಂಗಳೂರು ತಂಡ ಅಹಮದಾಬಾದಿನಲ್ಲಿ ರಾಜಸ್ಥಾನ ಎದುರು ಸೋತು ಹೊರಬಿತ್ತು. ಸಾಲಾಗಿ ಆರು ಗೆದ್ದ ಮೇಲಿನ ಸೋಲು. ಎರಡು ದಿನ ಬಿಟ್ಟು ತಾಯಿ ಮಗನನ್ನು ಕರೆತಂದರು. "ಊಟ ಬ್ಯಾಡ ಅಂತಾನ್ರಿ, ಪುಸ್ತಕ ಮುಟ್ಟವಲ್ಲ" ಎಂದರು. ಅವನಿಗೆ ಪಿಯುಸಿಯ ಒಂದು ವಿಷಯ ಉಳಿದಿತ್ತು, ಮರುಪರೀಕ್ಷೆ ಹತ್ತಿರವಿತ್ತು. ಸ್ವಲ್ಪ ಹೊತ್ತು ಮಾತಾಡಿಸಿದ ಮೇಲೆ ಅವನು ಹೇಳಿದ್ದು: "ಅವರು ಗೆದ್ರ ನಾನೂ ಪಾಸಾಗ್ತೀನಿ ಅಂದ್ಕೊಂಡಿದ್ನಿರಿ ಸರ್."

ನಾನು ಔಷಧ ಬರೆಯಲಿಲ್ಲ. ತಂಡ ಸೋತರೆ ನೋವಾಗುವುದು ಸಹಜ ಎಂದೆ. ಅವನು ಹಿಂದಿನ ತಿಂಗಳು ಎಷ್ಟು ಪಾಠ ಮುಗಿಸಿದ್ದನೆಂದು ಕೇಳಿ ಅವನ ಕೈಯಲ್ಲೇ ಬರೆಸಿದೆ. ಮುಕ್ಕಾಲು ಪಾಲು ಮುಗಿದಿತ್ತು. ಮೇ 22ರ ರಾತ್ರಿ ಅದರಲ್ಲಿ ಒಂದು ಸಾಲೂ ಅಳಿದಿರಲಿಲ್ಲ. ಇಂಥ ಮಕ್ಕಳನ್ನು "ಯಾರೋ ಸೋತ್ರ ನಿನಗೇನು?" ಎಂದು ಗದರಿಸಬೇಡಿ. ಒಂದೆರಡು ದಿನ ಬಿಡಿ, ಮತ್ತೆ ನಿತ್ಯದ ಕೆಲಸಕ್ಕೆ ಹಚ್ಚಿ. ಎರಡು ವಾರ ಕಳೆದರೂ ಊಟ, ನಿದ್ದೆ, ಮಾತು ಸರಿಹೋಗದಿದ್ದರೆ ಅದಕ್ಕೆ ಕಾರಣ ಕ್ರಿಕೆಟ್ ಒಂದೇ ಆಗಿರಲಾರದು, ವೈದ್ಯರಿಗೆ ತೋರಿಸಿ. ಸಾಯುವ ಮಾತಾಡಿದರೆ ಮಾತ್ರ ಒಂದು ದಿನವೂ ಕಾಯಬೇಡಿ. ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆಮಾಡಿದರೆ ಪುಕ್ಕಟೆ ಸಲಹೆ ಸಿಗುತ್ತದೆ.

ಗೆಲುವಿನ ಸರಣಿ ಕೊಡುವ ಹುಮ್ಮಸ್ಸಿಗೂ ಇದೇ ಮಾತು ಅನ್ವಯಿಸುತ್ತದೆ. ತಂಡ ಗೆಲ್ಲುತ್ತಿರುವಾಗ ನಮ್ಮ ಲೆಕ್ಕವೆಲ್ಲ ಸರಿ ಎನಿಸುತ್ತದೆ. ಬಾಜಿ ಕಟ್ಟುವವರು ಸಿಕ್ಕಿಬೀಳುವುದು ಇಲ್ಲಿಯೇ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಆದರೂ ಕದ್ದುಮುಚ್ಚಿ ಬಾಜಿ ಕಟ್ಟಿ, ನಿದ್ದೆಗುಳಿಗೆ ಕೇಳಿಕೊಂಡು ಬರುವವರುಂಟು. ಮನೆಯಲ್ಲಿ ಯಾರಾದರೂ ಪಂದ್ಯ ಮುಗಿದ ಮೇಲೂ ಫೋನ್ ಮುಚ್ಚಿಡುತ್ತಿದ್ದರೆ, ಸಾಲ ಕೇಳುತ್ತಿದ್ದರೆ ಕೂಡಿಸಿಕೊಂಡು ಮಾತಾಡಿ.

ಪಂದ್ಯದ ದಿನದ ಪಥ್ಯ

1. ಬಿಪಿ, ಸಕ್ಕರೆ, ಹೃದಯದ ಗುಳಿಗೆಗಳನ್ನು ಒಂದು ಹೊತ್ತೂ ತಪ್ಪಿಸಬೇಡಿ. ಪಂದ್ಯವಿದೆಯೆಂದು ಹೆಚ್ಚುವರಿ ಗುಳಿಗೆಯನ್ನೂ ನುಂಗಬೇಡಿ. ಮುಗಿಯುವ ನಾಲ್ಕು ದಿನ ಮೊದಲೇ ತಂದಿಡಿ.

2. ರಾತ್ರಿ ಊಟ ಪಂದ್ಯಕ್ಕೆ ಮುಂಚೆ, ಹಿತಮಿತವಾಗಿರಲಿ. ಗಿರ್ಮಿಟ್, ಮಿರ್ಚಿ ಭಜಿ ರುಚಿಯೇನೋ ನಿಜ. ಬಿಪಿ ಇದ್ದವರಿಗೆ ಅದರ ಉಪ್ಪು, ಎಣ್ಣೆ ಒಳ್ಳೆಯದಲ್ಲ.

3. ಬೀಡಿ, ಸಿಗರೇಟು, ಗುಟ್ಕಾ ಬೇಡ. ಆತಂಕ ಇಳಿಯಲೆಂದು ಇವನ್ನು ಬಾಯಿಗಿಡುತ್ತಾರೆ. ಇವುಗಳ ನಿಕೋಟಿನ್ ಹೃದಯದ ಬಡಿತವನ್ನು ಏರಿಸುತ್ತದೆ. ಮದ್ಯವೂ ಬೇಡ. ಸಂಜೆಯ ಮೇಲೆ ಚಹಾ ಒಂದು ಕಪ್ಪಿಗೆ ನಿಲ್ಲಲಿ.

4. ಪಂದ್ಯದ ನಡುವೆ ಎರಡೂವರೆ ನಿಮಿಷದ ವಿರಾಮ ಬರುತ್ತದೆ. ಜಾಹೀರಾತು ನೋಡುತ್ತ ಕೂರಬೇಡಿ. ಎದ್ದು ಅಂಗಳದಲ್ಲಿ ಅಡ್ಡಾಡಿ, ನೀರು ಕುಡಿಯಿರಿ.

5. ಎದೆ ಹೊಡೆದುಕೊಳ್ಳತೊಡಗಿದರೆ ನಾಲ್ಕು ಎಣಿಸುವಷ್ಟು ಉಸಿರು ಒಳಗೆಳೆದು, ಆರು ಎಣಿಸುವಷ್ಟು ನಿಧಾನವಾಗಿ ಬಿಡಿ. ಹತ್ತು ಸಲ ಮಾಡಿ. ಉಸಿರು ಬಿಡುವ ಹೊತ್ತು ಉದ್ದವಾದಷ್ಟೂ ಬಡಿತ ಶಾಂತವಾಗುತ್ತದೆ.

6. ಇತ್ತೀಚೆಗೆ ಹೃದಯಾಘಾತವಾದವರು, ಸ್ಟೆಂಟ್ ಹಾಕಿಸಿಕೊಂಡವರು ಒಬ್ಬರೇ ಕೂತು ನೋಡಬೇಡಿ. ತೀರಾ ಬಿಗಿಯಾದ ಪಂದ್ಯವಾದರೆ ಫಲಿತಾಂಶ ಬೆಳಿಗ್ಗೆ ಪತ್ರಿಕೆಯಲ್ಲಿ ಓದಿದರೂ ನಡೆಯುತ್ತದೆ.

7. ಗೆದ್ದ ರಾತ್ರಿಯೂ ವಿವೇಕ ಇರಲಿ. 2025ರ ಜೂನ್ 3ರಂದು ಬೆಂಗಳೂರು ತಂಡ 18ನೇ ಋತುವಿನಲ್ಲಿ ಮೊದಲ ಬಾರಿ ಐಪಿಎಲ್ ಕಪ್ ಗೆದ್ದಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಜೀವ ಕಳೆದುಕೊಂಡರು. ದಟ್ಟಣೆಯಲ್ಲಿ ಎದೆಗೂಡು ಒತ್ತಿ ಉಸಿರು ಕಟ್ಟುತ್ತದೆ. ಜನ ಒತ್ತತೊಡಗುವ ಮುಂಚೆಯೇ ಅಂಚಿಗೆ ಬನ್ನಿ. ಸಿಕ್ಕಿಕೊಂಡರೆ ಎರಡೂ ಕೈ ಮಡಿಚಿ ಎದೆಯ ಮುಂದೆ ಹಿಡಿಯಿರಿ. ಬಿದ್ದ ಚಪ್ಪಲಿ, ಫೋನಿಗಾಗಿ ಬಾಗಬೇಡಿ.

ಯಾವಾಗ ತಡಮಾಡಬಾರದು?

ಎದೆಬಡಿತ, ಬೆವರು ಪಂದ್ಯ ಮುಗಿದ ಸ್ವಲ್ಪ ಹೊತ್ತಿಗೆ ತಾನಾಗಿ ಇಳಿಯಬೇಕು. ಎದೆಯ ನಡುವೆ ಕಲ್ಲು ಹೇರಿದಂಥ ಭಾರ ಹತ್ತು ನಿಮಿಷವಾದರೂ ಇಳಿಯದಿದ್ದರೆ, ನೋವು ಎಡಗೈಗೋ ದವಡೆಗೋ ಬೆನ್ನಿಗೋ ಹರಿದರೆ, ತಣ್ಣನೆ ಬೆವರು, ಏದುಸಿರು, ವಾಂತಿ ಬಂದರೆ ಅದನ್ನು ಪಂದ್ಯದ ಆತಂಕವೆಂದು ತಳ್ಳಿಹಾಕಬೇಡಿ. ಹೆಂಗಸರಲ್ಲಿ ಮತ್ತು ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ಹೊಟ್ಟೆ ಉಬ್ಬರ ಕಾಣಬಹುದು. "ಗ್ಯಾಸ್ ಆಗೇತಿ" ಎಂದು ಸೋಡಾ ಕುಡಿಸಿ ಮಲಗಿಸಿದ್ದರಿಂದ ಕಳೆದುಹೋದ ಹೊತ್ತು ಮತ್ತೆ ಬರುವುದಿಲ್ಲ. ಮುಖ ಓರೆಯಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು ಇರಬಹುದು. ಅದಕ್ಕೂ ಇಷ್ಟೇ ಅವಸರ ಬೇಕು.

ಕೂಡಲೇ 108ಕ್ಕೆ ಕರೆಮಾಡಿ. ರೋಗಿಯನ್ನು ನಡೆಸಬೇಡಿ, ಬೈಕಿನ ಮೇಲೆ ಕೂರಿಸಬೇಡಿ. ನಾಲಿಗೆಯ ಕೆಳಗಿಡುವ ಗುಳಿಗೆಯನ್ನು ವೈದ್ಯರು ಮೊದಲೇ ಬರೆದುಕೊಟ್ಟಿದ್ದವರಿಗೆ ಮಾತ್ರ, ಕೂರಿಸಿಯೇ ಕೊಡಿ. ಅದರಿಂದ ರಕ್ತದೊತ್ತಡ ಇಳಿದು ತಲೆ ಸುತ್ತಬಹುದು. ಇದು ಪಂದ್ಯದ ಆತಂಕವೋ ಹೃದಯಾಘಾತವೋ ಎಂಬುದನ್ನು ನೀವು ತೀರ್ಮಾನಿಸಬೇಕಿಲ್ಲ. ಅದನ್ನು ಇಸಿಜಿ ಹೇಳುತ್ತದೆ.

ಬ್ಯಾಡಗಿಯ ಆ ಲೆಕ್ಕಿಗರು ಅಂದಿನಿಂದ ಒಂದು ನಿಯಮ ಮಾಡಿಕೊಂಡಿದ್ದಾರೆ. ಅವರ ರಾತ್ರಿಯ ಗುಳಿಗೆಗೂ ಟಾಸ್‌ಗೂ ಒಂದೇ ವೇಳೆ: ಏಳು ಗಂಟೆ. ಪಂದ್ಯವಿಲ್ಲದ ದಿನವೂ ಮೊಮ್ಮಗಳು ಏಳಕ್ಕೆ "ತಾತಾ, ಟಾಸ್ ಆತು" ಎಂದು ನೀರು ತಂದುಕೊಡುತ್ತಾಳಂತೆ. 2025ರಲ್ಲಿ ಕಪ್ ಗೆದ್ದ ವಾರ ತಪಾಸಣೆಗೆ ಬಂದಾಗ ರಕ್ತದೊತ್ತಡ 134/84 ಇತ್ತು. ನಾನು ಚೀಟಿಯಲ್ಲಿ ಅದನ್ನು ಬರೆಯುವುದನ್ನೇ ನೋಡುತ್ತಿದ್ದವರು ನಕ್ಕು ಹೇಳಿದರು: "ಈ ಸಲ ಕಪ್ಪೂ ನಮ್ದ, ಬಿಪಿನೂ ನಮ್ದರೀ."