ಮಳೆಯೂರಿನಿಂದ ಮರಳೂರಿಗೆ

ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಊರು ನಮ್ಮ ಬನ್ನಂಜೆ. 200 ಮಿಲಿಮೀಟರೂ ಬೀಳದ ಜೈಸಲ್ಮೇರಿಗೆ ಕಳೆದ ಡಿಸೆಂಬರಿನಲ್ಲಿ ನಾವು ಮೂವರು ಗೆಳೆಯರು ಹೊರಟೆವು. ಮೂವರೂ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಮುಗಿಸಿ ಕೆಲಸ ಹುಡುಕುತ್ತಿದ್ದವರು. ರೈಲು ಬದಲಿಸುತ್ತಾ, ಅಮ್ಮ ಕೊಟ್ಟ ಚಕ್ಕುಲಿ ಖಾಲಿ ಮಾಡುತ್ತಾ ಮೂರನೇ ದಿನ ತಲುಪಿದೆವು.

ಅಲ್ಲಿನ ಮರುಭೂಮಿ ರಾಷ್ಟ್ರೀಯ ಉದ್ಯಾನದ ವಿಸ್ತಾರ 3,162 ಚದರ ಕಿಲೋಮೀಟರ್. ನಮ್ಮ ಉಡುಪಿ ಜಿಲ್ಲೆಗಿಂತ ತುಸು ಚಿಕ್ಕದು, ಅಷ್ಟೇ! ಅದರಲ್ಲಿ ಮರಳ ದಿಬ್ಬಗಳು ಐದನೇ ಒಂದು ಭಾಗದಷ್ಟು ಮಾತ್ರ. ಉಳಿದದ್ದು ಕಲ್ಲುನೆಲ, ಹುಲ್ಲುಗಾವಲು, ಕುರುಚಲು ಗಿಡ. ಸಮ್ ದಿಬ್ಬಗಳಲ್ಲಿ ಒಂಟೆ ಸವಾರಿ ಮಾಡಿದೆವು, ಸೂರ್ಯಾಸ್ತ ನೋಡಿದೆವು. ಗೈಡ್ ‘ಖೇಜ್ರಿ’ ಎಂದು ತೋರಿಸಿದ ಮರ ನಮ್ಮ ದಸರೆಯ ಬನ್ನಿ! ಅಷ್ಟು ದೂರದಲ್ಲಿ ಪರಿಚಯದವರು ಸಿಕ್ಕ ಹಾಗಾಯಿತು.

ಮರುದಿನ ಬೆಳಿಗ್ಗೆ ಅನುಮತಿ ಪಡೆದು ಸುದಾಸರಿಯ ಹುಲ್ಲುಗಾವಲಿಗೆ ಹೋದೆವು. ನೋಡಬೇಕಿದ್ದುದು ಗೋಡಾವಣ್ ಹಕ್ಕಿಯನ್ನು. ಬಳ್ಳಾರಿಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಉಳಿದಿರುವ ಎರ್ಲಡ್ಡು ಇದೇ. ಎರಡು ಗಂಟೆ ಕಾದ ಮೇಲೆ ದೂರದಲ್ಲಿ ಎರಡು ಕಂಡವು. ಮೀಟರ್ ಎತ್ತರ, ರಾಜಗಾಂಭೀರ್ಯದ ನಡಿಗೆ. ದೇಶದಲ್ಲೇ ಕಾಡಿನಲ್ಲಿ ಉಳಿದಿರುವುದು ಇನ್ನೂರಕ್ಕೂ ಕಡಿಮೆ.

ಮರಳುವಾಗ ದಾರಿಯುದ್ದಕ್ಕೂ ಗಾಳಿಯಂತ್ರಗಳು, ಸೌರ ಫಲಕಗಳು, ವಿದ್ಯುತ್ ತಂತಿಗಳು. ಈ ಹಕ್ಕಿಯ ಕಣ್ಣುಗಳು ತಲೆಯ ಪಕ್ಕಕ್ಕಿರುವುದರಿಂದ ಎದುರಿನ ತಂತಿ ಬೇಗ ಕಾಣದು. ಭಾರದ ಮೈ, ಥಟ್ಟನೆ ತಿರುಗಲೂ ಆಗದು. ಡಿಕ್ಕಿ ಹೊಡೆದು ಸಾಯುತ್ತದೆ. ಹೆಣ್ಣು ವರ್ಷಕ್ಕೆ ಇಡುವುದು ಸಾಮಾನ್ಯವಾಗಿ ಒಂದೇ ಮೊಟ್ಟೆ. ತಂತಿಗಳನ್ನು ಸಾಧ್ಯವಿರುವಲ್ಲಿ ನೆಲದಡಿ ಹಾಕಿ ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2024ರಲ್ಲಿ ಅದನ್ನು ಸಡಿಲಿಸಿ, ವಿಷಯವನ್ನು ತಜ್ಞರ ಸಮಿತಿಗೆ ಒಪ್ಪಿಸಿತು.

ಸೌರವಿದ್ಯುತ್ ಕಂಪನಿಗಳಿಗೆ ರೆಸ್ಯೂಮೆ ಕಳುಹಿಸಿ ಕಾಯುತ್ತಿದ್ದ ನಮಗೆ ಇದು ಸಿಲೆಬಸ್ಸಿನಲ್ಲಿ ಇಲ್ಲದ ಪಾಠ. ಕಲ್ಲಿದ್ದಲು ಸುಡದ ವಿದ್ಯುತ್ ಬೇಕು, ನಮಗೆ ಕೆಲಸವೂ ಬೇಕು. ಆದರೆ ತಂತಿ ಎಲ್ಲಿ ಹಾಯಬೇಕು, ಎಲ್ಲಿ ನೆಲದಡಿ ಇಳಿಯಬೇಕು ಎಂದು ಲೆಕ್ಕ ಹಾಕುವವರೂ ನಮ್ಮಂಥ ಇಂಜಿನಿಯರುಗಳೇ ತಾನೇ? ಗೆಳೆಯನೊಬ್ಬ ಈಗ ಭೂಗತ ಕೇಬಲ್ ಬಗ್ಗೆ ಓದುತ್ತಿದ್ದಾನೆ. ಸಂದರ್ಶನದಲ್ಲಿ ‘ಯಾಕೆ ಈ ಕ್ಷೇತ್ರ’ ಎಂದು ಕೇಳಿದರೆ ನನ್ನ ಬಳಿಯೂ ಈಗ ಸ್ವಂತದ್ದೊಂದು ಉತ್ತರವಿದೆ.

ನೀವೂ ಹೋಗುವುದಾದರೆ ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಸ್ವೆಟರ್ ಮರೆಯಬೇಡಿ, ರಾತ್ರಿ ಚಳಿ ಜೋರು. ದಿಬ್ಬದ ಮೇಲೆ ಸೆಲ್ಫಿ ತೆಗೆದುಕೊಳ್ಳಿ. ಒಂದು ಬೆಳಗನ್ನು ಮಾತ್ರ ಹುಲ್ಲುಗಾವಲಿಗೆ ಮೀಸಲಿಡಿ.