ಊರಿಗೆ ಕಳುಹಿಸುವ ಹಣ ಕರಗುವ ಬಗೆ

ಮುಂಬಯಿಯ ಹೋಟೆಲೊಂದರ ಮಾಣಿಯು ಏಳು ವರ್ಷಗಳಿಂದ ಪ್ರತಿ ತಿಂಗಳೂ ತಪ್ಪದೆ 8,000 ರೂಪಾಯಿಗಳನ್ನು ಊರಿಗೆ ಕಳುಹಿಸುತ್ತಿರುವನೆಂದು ಭಾವಿಸೋಣ. ಒಂದು ಕಾಲಕ್ಕೆ ಮನಿಯಾರ್ಡರಿನಲ್ಲಿ ಹೋಗುತ್ತಿದ್ದ ಹಣ ಈಗ ಮೊಬೈಲಿನಲ್ಲಿ ಹೋಗುತ್ತದೆ, ಅಷ್ಟೇ. ತಾನು ಒಂದು ಕಾಸನ್ನೂ ಕಡಿಮೆ ಮಾಡಿಲ್ಲವೆಂದು ಅವನ ನಂಬಿಕೆ. ಆದರೆ ಬೆಲೆಗಳು ವರ್ಷಕ್ಕೆ ನೂರಕ್ಕೆ 5ರಂತೆ ಏರಿದ್ದಲ್ಲಿ, ಇಂದು 8,000 ರೂಪಾಯಿಗೆ ದೊರೆಯುವ ಸಾಮಾನು ಅಂದು ಸುಮಾರು 5,700 ರೂಪಾಯಿಗೇ ದೊರೆಯುತ್ತಿತ್ತು. ಎಂದರೆ, ಅವನಿಗೆ ಅರಿವಿಲ್ಲದೆಯೇ ಮನೆಯ ಪಾಲಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಖೋತಾ ಆಗಿದೆ.

ಅವನಿಗೇಕೆ ಇದು ತಿಳಿಯಲಿಲ್ಲ? ಅವನ ಊಟ ಧಣಿಯದು, ಮಲಗುವ ಜಾಗವೂ ಧಣಿಯದು. ಅವನ ಸಂಬಳದ ಆ ಭಾಗಕ್ಕೆ ಹಣದುಬ್ಬರ ತಟ್ಟುವುದಿಲ್ಲ. 2025ರಲ್ಲಿ ತೆಂಗಿನಕಾಯಿ ವಿಪರೀತ ತುಟ್ಟಿಯಾದಾಗ ಚಟ್ನಿಯಲ್ಲಿ ಹುರಿಗಡಲೆ ಹೆಚ್ಚಾದುದನ್ನು ಅವನು ಕಂಡಿರಬಹುದು, ಗಿರಾಕಿಗಳ ಗೊಣಗಾಟವನ್ನೂ ಕೇಳಿರಬಹುದು. ಕಾಯಿಯನ್ನು ದುಡ್ಡು ಕೊಟ್ಟು ತರಬೇಕಾದವಳು ಊರಿನಲ್ಲಿರುವ ತಾಯಿ. ಅವಳು ಸಾರಿನಲ್ಲಿ ಬೇಳೆಯನ್ನು ಕಡಿಮೆ ಮಾಡುವಳೇ ಹೊರತು ಮಗನಿಗೆ ಹೇಳಿಕೊಳ್ಳಲಾರಳು.

ಗುಮಾಸ್ತರ ಸಂಗತಿ ಬೇರೆ. ಸರ್ಕಾರಿ ಕಚೇರಿಯವರಿಗೆ ವರ್ಷಕ್ಕೆ ಎರಡು ಬಾರಿ, ಬ್ಯಾಂಕಿನವರಿಗೆ ಮೂರು ತಿಂಗಳಿಗೊಮ್ಮೆ ತುಟ್ಟಿಭತ್ಯೆಯ ಲೆಕ್ಕವಾಗುತ್ತದೆ. ಅದಕ್ಕೆ ಆಧಾರ ಕೈಗಾರಿಕಾ ಕಾರ್ಮಿಕರ ಬೆಲೆಸೂಚಿ. 2016ನೆಯ ವರ್ಷವನ್ನು 100 ಎಂದಿಟ್ಟುಕೊಂಡು 2020ರಲ್ಲಿ ಹೊರಬಂದ ಸರಣಿಗೆ 88 ಕೇಂದ್ರಗಳ 317 ಪೇಟೆಗಳಿಂದ ದರಗಳನ್ನು ತರಿಸುತ್ತಾರೆ. ಅದರಲ್ಲಿ ಆಹಾರಕ್ಕೆ ಕೊಟ್ಟ ತೂಕ ನೂರಕ್ಕೆ 39 ಮಾತ್ರ. ಗಳಿಕೆಯಲ್ಲಿ ಅರುವತ್ತು ಪಾಲು ಅಕ್ಕಿಬೇಳೆಗೇ ಹೋಗುವ ಮನೆಗೆ ಸೂಚಿ ತೋರಿಸುವುದಕ್ಕಿಂತ ಹೆಚ್ಚಿನ ಬಿಸಿ ತಟ್ಟುವುದು ಇದರಿಂದಲೇ. ಟೊಮೆಟೊ ಬಂಗಾರವಾಗಿದ್ದ 2023ರ ಜುಲೈಯಲ್ಲಿ ದೇಶದ ಒಟ್ಟು ಚಿಲ್ಲರೆ ಬೆಲೆಯೇರಿಕೆ 7.44 ಆಗಿದ್ದರೆ ಆಹಾರದ ಏರಿಕೆ 11.51 ಆಗಿತ್ತು.

ಇನ್ನೊಂದು ತಪ್ಪು ತಿಳಿವಳಿಕೆ ಉಂಟು. ‘ಹಣದುಬ್ಬರ ಇಳಿಯಿತು’ ಎಂದು ಪತ್ರಿಕೆಯಲ್ಲಿ ಓದಿದವರು ಬೆಲೆ ಇಳಿಯಿತೆಂದು ಅಂಗಡಿಗೆ ಹೋಗಿ ಅಂಗಡಿಯವನನ್ನು ಬೈದು ಬರುತ್ತಾರೆ. ಇಳಿದದ್ದು ಏರುವ ವೇಗ. ಏರಿದ ಬೆಲೆ ಏರಿದಲ್ಲಿಯೇ ನಿಲ್ಲುತ್ತದೆ. 2016ರಲ್ಲಿ ಕಾಯಿದೆಯನ್ನು ತಿದ್ದಿ ರಿಸರ್ವ್ ಬ್ಯಾಂಕಿಗೆ ಕೊಟ್ಟ ಗುರಿಯೂ ಸೊನ್ನೆಯದಲ್ಲ, ನೂರಕ್ಕೆ 4ರದು. 72ನ್ನು ಏರಿಕೆಯ ದರದಿಂದ ಭಾಗಿಸಿ ನೋಡಿರಿ: ನೂರಕ್ಕೆ 4 ಆದರೆ 18 ವರ್ಷಗಳಲ್ಲಿ, 6 ಆದರೆ 12 ವರ್ಷಗಳಲ್ಲಿ ಬೆಲೆ ಇಮ್ಮಡಿಯಾಗುತ್ತದೆ.

ತುಟ್ಟಿಭತ್ಯೆ ಇದ್ದವರೂ ಸದಾ ಸುಖದಲ್ಲಿರಲಿಲ್ಲ. ಬರಗಾಲ ಮತ್ತು ಎಣ್ಣೆಯ ಬೆಲೆಯೇರಿಕೆ ಒಂದರ ಹಿಂದೊಂದು ಬಂದು, 1974-75ರಲ್ಲಿ ಸಗಟು ಬೆಲೆಗಳು ನೂರಕ್ಕೆ 25ರಷ್ಟು ಏರಿದುವು. ಪೇಟೆಯಲ್ಲಿ ಹಣದ ಓಡಾಟವನ್ನು ತಗ್ಗಿಸಲು ಸರ್ಕಾರವು 1974ರಲ್ಲಿ ಹೆಚ್ಚುವರಿ ತುಟ್ಟಿಭತ್ಯೆಯ ಅರ್ಧವನ್ನು ಕಡ್ಡಾಯ ಠೇವಣಿಯೆಂದು ಹಿಡಿದಿಟ್ಟಿತು. ಹಳೆಯ ಗುಮಾಸ್ತರು ಅದನ್ನು ಇನ್ನೂ ಮರೆತಿರಲಾರರು.

ಹೋಟೆಲು ಕೆಲಸದವರಿಗೆ ಭತ್ಯೆಯೇ ಇಲ್ಲವೆಂಬುದು ಸಹ ಪೂರ್ತಿ ನಿಜವಲ್ಲ. ಮಹಾರಾಷ್ಟ್ರದಲ್ಲಿ ಬಹುಕಾಲದಿಂದ ಕನಿಷ್ಠ ವೇತನದೊಳಗೆ ಬೆಲೆಸೂಚಿಯೊಡನೆ ಏರುವ ವಿಶೇಷ ಭತ್ಯೆಯೊಂದು ಸೇರಿದೆ. ಅದನ್ನು ಕೇಳಿ ಪಡೆದವರು ಎಷ್ಟು ಮಂದಿ ಎಂಬುದು ಬೇರೆ ಮಾತು. ಧಣಿಯ ಬಳಿ ಸಂಬಳದ ಮಾತು ತೆಗೆಯುವಾಗ ‘ಕಳೆದ ಸಲಕ್ಕಿಂತ 500 ಹೆಚ್ಚು’ ಎನ್ನುವುದಕ್ಕೆ ಬದಲಾಗಿ, ಕಳೆದ ಸಲ ಏರಿಸಿದಂದಿನಿಂದ ಅಕ್ಕಿ ಎಷ್ಟು ಏರಿತೆಂದು ಲೆಕ್ಕ ಹಿಡಿದು ಹೋಗುವುದು ಲೇಸು. ಗಲ್ಲಾದ ಮೇಲೆ ಕುಳಿತವರಿಗೆ ಆ ಲೆಕ್ಕ ಚೆನ್ನಾಗಿ ತಿಳಿದಿರುತ್ತದೆ. ಗ್ಯಾಸಿನ ಬೆಲೆ ಏರಿದೊಡನೆ ದೋಸೆಯ ದರದ ಹಲಗೆಯನ್ನು ಬದಲಿಸುವವರು ಅವರೇ ಅಲ್ಲವೇ?

ಮುಂದಿನ ಸಲ ಊರಿಗೆ ಫೋನು ಮಾಡಿದಾಗ ‘ಹಣ ಬಂತೇ?’ ಎಂದು ಕೇಳಿದ ಮೇಲೆ, ಅಕ್ಕಿ ಈಗ ಕಿಲೋಗೆ ಎಷ್ಟೆಂದೂ ಕೇಳಿರಿ.